ಅಕ್ವೇರಿಯಂ ತಳಕ್ಕೆ ಯಾವ ಮರಳು? ಕಣ ಮೊದಲು, ಬಣ್ಣ ಕೊನೆಗೆ

ಕೊರಿಡೊರಸ್ ಮೀನು ಮೇಯುವುದನ್ನು ಗಾಜಿಗೆ ಮುಖವಿಟ್ಟು ಒಮ್ಮೆ ನೋಡಿ. ಮೂತಿಯನ್ನು ಮರಳಿಗೆ ಊರಿ, ಕಣ್ಣಿನ ಮಟ್ಟದವರೆಗೆ ಮುಖ ಹುದುಗಿಸಿ, ಒಂದು ಬಾಯಿ ಮರಳನ್ನು ಒಳಗೆ ಎಳೆದುಕೊಳ್ಳುತ್ತದೆ. ಮರುಕ್ಷಣವೇ ಎರಡೂ ಕಿವಿರುಗಳ ಸಂದಿನಿಂದ ಮರಳು ಸಣ್ಣ ಹೊಗೆಯಂತೆ ಹೊರಬೀಳುತ್ತದೆ; ಆಹಾರದ ತುಣುಕು ಮಾತ್ರ ಒಳಗೆ ಉಳಿಯುತ್ತದೆ. ಎಚ್ಚರವಿರುವಷ್ಟು ಹೊತ್ತೂ ಅದರ ಕೆಲಸ ಇದೇ. ನಾನು ಮೊದಲ ಸಲ ಕೊರಿಡೊರಸ್ ಸಾಕಿದಾಗ ತೊಟ್ಟಿಯ ತಳದಲ್ಲಿ ಇದ್ದದ್ದು ಐದಾರು ಮಿಲಿಮೀಟರ್ ಗಾತ್ರದ, ಅಂಚು ಚೂಪಾದ ಬಣ್ಣದ ಕಲ್ಲು. ಆರು ಮೀನುಗಳೂ ಕಲ್ಲಿನ ಸಂದಿಗೆ ಮೂತಿ ತೂರಿಸಲು ಹೆಣಗುತ್ತಿದ್ದವು. ಕೆಲವೇ ತಿಂಗಳಲ್ಲಿ ಎರಡರ ಮೀಸೆ ಹೆಚ್ಚುಕಡಿಮೆ ಬುಡದವರೆಗೆ ಸವೆದುಹೋಯಿತು. ಕಲ್ಲಿನ ಒರಟುತನದಷ್ಟೇ ಅದರ ಸಂದಿಯಲ್ಲಿ ಸಿಕ್ಕಿ ಕೊಳೆಯುತ್ತಿದ್ದ ಆಹಾರವೂ ಇದಕ್ಕೆ ಕಾರಣ ಎಂದು ಆಮೇಲೆ ತಿಳಿಯಿತು. ತಳವನ್ನು ಬದಲಿಸಿ ನುಣ್ಣನೆಯ ಮರಳು ಹಾಸಿದ ಮೇಲೆ ಮೀಸೆ ನಿಧಾನವಾಗಿ ಮತ್ತೆ ಚಿಗುರಿತು.

ಅಲ್ಲಿಂದೀಚೆಗೆ ಯಾರಾದರೂ ಅಕ್ವೇರಿಯಂಗೆ ಯಾವ ಮರಳು ಹಾಕಲಿ ಎಂದು ಕೇಳಿದರೆ ನಾನು ತಿರುಗಿ ಕೇಳುವುದು ಒಂದನ್ನೇ: ಆ ಮರಳಿನ ಮೇಲೆ ಬದುಕುವವರು ಯಾರು? ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಣ್ಣ, ಆದ್ದರಿಂದ ಎಲ್ಲರೂ ಬಣ್ಣದಿಂದಲೇ ಶುರುಮಾಡುತ್ತಾರೆ. ಆದರೆ ಮೀನಿಗೆ ಮೊದಲು ಮುಖ್ಯವಾಗುವುದು ಕಣದ ಗಾತ್ರ ಮತ್ತು ಆಕಾರ. ಆಮೇಲೆ ಆ ಮರಳು ನೀರಿನ ಗುಣವನ್ನು ಬದಲಿಸುತ್ತದೆಯೇ ಎಂಬುದು. ಬಣ್ಣದ ಮಾತು ಕಟ್ಟಕಡೆಗೆ. ಫಿಲ್ಟರ್, ದೀಪ, ಗಿಡ ಇವನ್ನೆಲ್ಲ ಯಾವಾಗ ಬೇಕಾದರೂ ಬದಲಿಸಬಹುದು. ತಳ ಹಾಗಲ್ಲ. ನೀರು ತುಂಬಿ ಮೀನು ಬಿಟ್ಟ ಮೇಲೆ ಅದನ್ನು ಬದಲಿಸುವುದೆಂದರೆ ಇಡೀ ಮನೆಯ ನೆಲ ಅಗೆದಂತೆ.

ಕಣದ ಗಾತ್ರ

ಭೂವಿಜ್ಞಾನದ ಲೆಕ್ಕದಲ್ಲಿ ಮರಳು ಎಂದರೆ ಸರಿಸುಮಾರು 0.06ರಿಂದ 2 ಮಿಲಿಮೀಟರ್ ವರೆಗಿನ ಕಣ. ಅದಕ್ಕಿಂತ ದಪ್ಪವಾದರೆ ಕಲ್ಲು, ಸಣ್ಣದಾದರೆ ಹೂಳು. ಈ ವ್ಯಾಪ್ತಿ ಬಹಳ ದೊಡ್ಡದು. ಎರಡು ಚೀಲಗಳ ಮೇಲೂ ‘ಮರಳು’ ಎಂದೇ ಬರೆದಿದ್ದರೂ ಒಳಗಿರುವುದು ಪೂರ್ತಿ ಬೇರೆಯೇ ಆಗಿರಬಹುದು.

0.25 ಮಿಲಿಮೀಟರ್‌ಗಿಂತ ಸಣ್ಣ ಮರಳು ನೋಡಲು ರೇಷ್ಮೆಯಂತೆ ಇರುತ್ತದೆ, ಆದರೆ ತೊಟ್ಟಿಯಲ್ಲಿ ಕಾಟ ಕೊಡುತ್ತದೆ. ಮೀನು ಬಾಲ ಬಡಿದರೂ ಮೇಲೇಳುತ್ತದೆ, ಎಲೆಗಳ ಮೇಲೆ ಕೂರುತ್ತದೆ, ಫಿಲ್ಟರ್ ಒಳಗೆ ಸೇರಿ ಮೋಟಾರಿನ ಚಕ್ರವನ್ನು ತೇಯುತ್ತದೆ, ತಳದಲ್ಲಿ ಒತ್ತಾಗಿ ಕೂತು ಗಾಳಿಯಾಡದಂತೆ ಮಾಡುತ್ತದೆ. 1 ಮಿಲಿಮೀಟರ್ ದಾಟಿದ ಮರಳಿನಲ್ಲಿ ಈ ತೊಂದರೆಗಳಿಲ್ಲ, ಆದರೆ ಸಣ್ಣ ಮೀನು ಅದನ್ನು ಜರಡಿ ಹಿಡಿಯಲು ತಿಣುಕುತ್ತದೆ. ಈ ಎರಡರ ನಡುವೆ, 0.4ರಿಂದ 0.8 ಮಿಲಿಮೀಟರ್ ಇರುವ ಮರಳು ಬಹುಪಾಲು ಮನೆ ಅಕ್ವೇರಿಯಂಗಳಿಗೆ ಹೊಂದುತ್ತದೆ. ಕಿವಿರಿನಿಂದ ಸಲೀಸಾಗಿ ಜಾರುವಷ್ಟು ಸಣ್ಣದು, ತಳದ ಕೊಳೆ ಹೀರುವ ಸೈಫನ್ ಪೈಪಿನಲ್ಲಿ ಹಾರಿಹೋಗದಷ್ಟು ಭಾರದ್ದು.

ಗಾತ್ರದ ಜೊತೆಗೇ ನೋಡಬೇಕಾದದ್ದು ಆಕಾರ. ನೀರಿನಲ್ಲೋ ಗಾಳಿಯಲ್ಲೋ ಸಾವಿರಾರು ವರ್ಷ ಉರುಳಿದ ಕಣದ ಮೂಲೆಗಳು ಸವೆದಿರುತ್ತವೆ. ಯಂತ್ರದಲ್ಲಿ ಪುಡಿಮಾಡಿದ ಕಲ್ಲು ಅಥವಾ ಗಾಜಿನ ಮೂಲೆಗಳು ಹಾಗೇ ಚೂಪಾಗಿ ಉಳಿದಿರುತ್ತವೆ. ಒಂದು ಚಿಟಿಕೆ ಒದ್ದೆ ಮರಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಉಜ್ಜಿ. ಕಣಗಳು ಒಂದರ ಮೇಲೊಂದು ಉರುಳಿದರೆ ಸರಿ. ಚರ್ಮಕ್ಕೆ ಕಚ್ಚಿಕೊಂಡು ನಿಂತರೆ, ಅದು ಮೀನಿನ ಮೀಸೆಗೂ ಕಚ್ಚುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದರೂ ಮೂಲೆಗಳು ಎದ್ದು ಕಾಣುತ್ತವೆ.

ಈಜುಕೊಳದ ಫಿಲ್ಟರ್ ಮರಳು

ನನ್ನ ಮೊದಲ ಆಯ್ಕೆ ಇದೇ, ಹಾಗಾಗಿ ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ಈಜುಕೊಳದ ನೀರನ್ನು ಸೋಸುವ ದೊಡ್ಡ ಸಿಲಿಂಡರುಗಳಲ್ಲಿ ತುಂಬುವ ಮರಳು ಇದು. ಸೋಸುವ ಕೆಲಸಕ್ಕೆ ಎಲ್ಲ ಕಣಗಳೂ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಇರಬೇಕು, ಹೂಳು ಇರಬಾರದು, ನೀರಿನಲ್ಲಿ ಕರಗಬಾರದು. ನಮಗೂ ಬೇಕಾದದ್ದು ಈ ಮೂರೇ. ಸಾಮಾನ್ಯವಾಗಿ ಸಿಗುವ ದರ್ಜೆಯ ಕಣಗಳು 0.4ರಿಂದ 0.8 ಮಿಲಿಮೀಟರ್ ನಡುವೆ ಇರುತ್ತವೆ. ಬಣ್ಣ ತಿಳಿ ಕಂದಿನಿಂದ ಬೂದುಬಿಳಿಯವರೆಗೆ, ಹೊಳೆಯ ದಂಡೆಯ ಬಣ್ಣ. ಗಿಡದ ಹಸಿರು ಅದರ ಮೇಲೆ ಚೆನ್ನಾಗಿ ಕಾಣುತ್ತದೆ.

ಇದು ಬೆಣಚುಕಲ್ಲಿನ ಮರಳು, ಅಂದರೆ ಸಿಲಿಕಾ. ಆಮ್ಲವಾಗಲಿ ಕ್ಷಾರವಾಗಲಿ ತೊಟ್ಟಿಯ ನೀರಿನಲ್ಲಿ ಇರುವಷ್ಟು ಪ್ರಮಾಣದಲ್ಲಿ ಅದನ್ನು ಏನೂ ಮಾಡುವುದಿಲ್ಲ. ಅದೂ ನೀರನ್ನು ಏನೂ ಮಾಡುವುದಿಲ್ಲ. ಸಿಲಿಕಾ ಮರಳು ಹಾಕಿದರೆ ಕಂದು ಪಾಚಿ ಬರುತ್ತದೆ ಎಂಬ ಹೆದರಿಕೆ ಬಹಳ ಹಳೆಯದು. ಹೊಸ ತೊಟ್ಟಿಯ ಗಾಜಿನ ಮೇಲೆ ಕಂದು ಪುಡಿಯಂತೆ ಹಬ್ಬುವ ಡಯಾಟಮ್‌ಗಳು ತಮ್ಮ ಚಿಪ್ಪಿಗೆ ಸಿಲಿಕೇಟ್ ಬಳಸುವುದು ನಿಜ. ಆದರೆ ಅವಕ್ಕೆ ಬೇಕಾದದ್ದು ನೀರಿನಲ್ಲಿ ಕರಗಿದ ಸಿಲಿಕೇಟ್; ಅದು ನಲ್ಲಿಯ ನೀರಿನಲ್ಲೇ ಇರುತ್ತದೆ. ಬೆಣಚಿನ ಕಣ ಕರಗುವುದು ಲೆಕ್ಕಕ್ಕೇ ಬಾರದಷ್ಟು. ತೊಟ್ಟಿಯ ಗಾಜು ಕೂಡ ಸಿಲಿಕಾದಿಂದಲೇ ಮಾಡಿದ್ದು ಎಂಬುದನ್ನು ನೆನೆದರೆ ಈ ಭಯ ಅರ್ಧ ಇಳಿಯುತ್ತದೆ. ಕಂದು ಪಾಚಿ ಯಾವ ತಳವಿದ್ದರೂ ಹೊಸ ತೊಟ್ಟಿಗಳಲ್ಲಿ ಬರುತ್ತದೆ, ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ.

ಕೊಳ್ಳುವಾಗ ಚೀಲದ ಮೇಲೆ ‘ಸಿಲಿಕಾ’ ಅಥವಾ ‘ಕ್ವಾರ್ಟ್ಜ್’ ಎಂದು ಇರುವುದನ್ನು ಖಚಿತಪಡಿಸಿಕೊಳ್ಳಿ. ಈಜುಕೊಳದ ಫಿಲ್ಟರಿಗೆ ಪುಡಿಗಾಜನ್ನೂ ಜಿಯೊಲೈಟನ್ನೂ ಮಾರುತ್ತಾರೆ. ಅವು ಬೇರೆ ವಸ್ತುಗಳು.

ಆಟದ ಮರಳು

ಮಕ್ಕಳ ಆಟದ ಅಂಕಣಕ್ಕೆ ತುಂಬುವ ಮರಳು ಮೆದುವಾಗಿರುತ್ತದೆ, ಕಣಗಳು ದುಂಡಗಿರುತ್ತವೆ. ಅಗೆಯುವ, ಹುದುಗುವ ಮೀನುಗಳಿಗೆ ಇದು ಬಹಳ ಇಷ್ಟವಾಗುತ್ತದೆ. ಕಣಗಳು ಒಂದೇ ಗಾತ್ರದಲ್ಲಿ ಇಲ್ಲದಿರುವುದರಿಂದ ಮರಳು ನಿಜವಾದ ಹೊಳೆಯ ತಳದಂತೆ ಕಾಣುತ್ತದೆ, ಅದೇ ಇದರ ಚೆಲುವು. ತೊಂದರೆಯೂ ಅಲ್ಲೇ: ಸಣ್ಣ ಕಣ, ಧೂಳು ಎಲ್ಲ ಸೇರಿಕೊಂಡಿರುತ್ತದೆ. ಫಿಲ್ಟರ್ ಮರಳನ್ನು ಮೂರು ನಾಲ್ಕು ಸಲ ತೊಳೆದರೆ ನೀರು ತಿಳಿಯಾಗುತ್ತದೆ. ಇದನ್ನು ಹತ್ತು ಹದಿನೈದು ಸಲ ತೊಳೆದರೂ ಬಕೆಟ್ಟಿನಿಂದ ಹಾಲಿನಂತಹ ನೀರು ಹೊರಬೀಳುತ್ತಲೇ ಇರುತ್ತದೆ. ತಾಳ್ಮೆ ಇದ್ದವರು ಧೈರ್ಯವಾಗಿ ಆರಿಸಬಹುದು. ಆದರೆ ತೆಳುವಾಗಿ ಹಾಸಿ, ಎರಡು ಮೂರು ಸೆಂಟಿಮೀಟರ್ ಸಾಕು.

ಹೊಳೆಯ ಮರಳು, ಕಟ್ಟಡದ ಮರಳು, ಎಂ-ಸ್ಯಾಂಡ್

ನದಿಯಿಂದ ತಂದ ಮರಳು ನೈಸರ್ಗಿಕವಾಗಿ ಅತ್ಯಂತ ಸರಿಯಾದದ್ದು ಎಂದು ಅನ್ನಿಸುತ್ತದೆ. ಮೀನುಗಳು ಬಂದದ್ದೂ ಅಲ್ಲಿಂದಲೇ ತಾನೆ. ಆದರೆ ಆ ನದಿಯ ಮೇಲ್ಭಾಗದಲ್ಲಿ ಏನು ಹರಿದು ಸೇರಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಹೊಲದ ಕೀಟನಾಶಕ, ಕಾರ್ಖಾನೆಯ ಲೋಹದ ಅಂಶ, ಎಣ್ಣೆ ಇವು ಮರಳಿಗೆ ಅಂಟಿಕೊಂಡಿದ್ದರೆ ಎಷ್ಟು ಕುದಿಸಿದರೂ ಹೋಗುವ ಭರವಸೆಯಿಲ್ಲ. ಅನುಮತಿಯಿಲ್ಲದೆ ನದಿಯಿಂದ ಮರಳು ತೆಗೆಯುವುದು ಅನೇಕ ಕಡೆ ಅಪರಾಧ. ಒಂದು ಬಕೆಟ್ಟೇ ಆದರೂ ನಿಯಮ ತಿಳಿಯದೆ ಕೈಹಾಕಬೇಡಿ. ಸಮುದ್ರದ ಮರಳಿನಲ್ಲಿ ಉಪ್ಪಿನ ಜೊತೆಗೆ ಚಿಪ್ಪಿನ ಚೂರೂ ಇರುತ್ತದೆ. ಉಪ್ಪು ತೊಳೆದರೆ ಹೋಗುತ್ತದೆ, ಚಿಪ್ಪು ಹೋಗುವುದಿಲ್ಲ.

ಕಟ್ಟಡ ಸಾಮಗ್ರಿಯ ಮರಳಿನಲ್ಲಿ ಜೇಡಿಮಣ್ಣು, ಬೇರು, ಕೆಲವೊಮ್ಮೆ ಸಿಮೆಂಟಿನ ಉಂಡೆ ಸೇರಿರುತ್ತದೆ. ಸಿಮೆಂಟು ನೀರಿನ ಪಿಎಚ್ ಅನ್ನು, ಅಂದರೆ ನೀರು ಎಷ್ಟು ಆಮ್ಲ ಎಷ್ಟು ಕ್ಷಾರ ಎಂಬ ಅಳತೆಯನ್ನು, ಕ್ಷಾರದ ಕಡೆಗೆ ಮೇಲಕ್ಕೆಳೆಯುತ್ತದೆ. ಎಂ-ಸ್ಯಾಂಡ್ ಅನ್ನು ನಾನು ಯಾವ ತೊಟ್ಟಿಗೂ ಸೂಚಿಸುವುದಿಲ್ಲ. ಅದು ಬಂಡೆಯನ್ನು ಪುಡಿಮಾಡಿ ತಯಾರಿಸಿದ್ದು. ಕಾಂಕ್ರೀಟು ಗಟ್ಟಿಯಾಗಿ ಹಿಡಿದುಕೊಳ್ಳಲು ಬೇಕಾದ ಮೂಲೆಗಳೇ ಅದರ ಗುಣ, ಮೀನಿನ ಬಾಯಿಗೆ ಅವೇ ಮುಳ್ಳು. ಕಲ್ಲಿನ ಧೂಳೂ ಧಾರಾಳವಾಗಿ ಇರುತ್ತದೆ.

ಮೂಲ ಗೊತ್ತಿಲ್ಲದ ಮರಳು ಕೈಗೆ ಬಂದರೆ ಬಾಟಲಿಯ ಪರೀಕ್ಷೆ ಮಾಡಿ. ಪಾರದರ್ಶಕ ಬಾಟಲಿಗೆ ಕಾಲುಭಾಗ ಮರಳು, ಉಳಿದಷ್ಟು ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದೊಳಗೆ ಕೆಳಗೆ ಕೂರುತ್ತದೆ. ಅದರ ಮೇಲೆ ಆಮೇಲೆ ನಿಧಾನವಾಗಿ ಕೂರುವ ಪದರ ಹೂಳು. ಮರುದಿನವೂ ನೀರು ಕದಡಿದಂತೆಯೇ ಇದ್ದರೆ ಅದರಲ್ಲಿ ಜೇಡಿಯಿದೆ. ಅಂಥದ್ದನ್ನು ಬಿಟ್ಟುಬಿಡುವುದು ಒಳ್ಳೆಯದು.

ಕಪ್ಪು ಮರಳು

ಕಪ್ಪು ತಳದ ಮೇಲೆ ಮೀನಿನ ಬಣ್ಣ ಗಾಢವಾಗಿ ಕಾಣುತ್ತದೆ. ಇದು ಬರಿಯ ಕಣ್ಣಿನ ಭ್ರಮೆಯಲ್ಲ. ಅನೇಕ ಮೀನುಗಳು ಸುತ್ತಲ ಬಣ್ಣಕ್ಕೆ ತಕ್ಕಂತೆ ಮೈಬಣ್ಣವನ್ನು ಹೊಂದಿಸಿಕೊಳ್ಳುತ್ತವೆ. ಬೆಳ್ಳನೆಯ ತಳದ ಮೇಲೆ, ಮೇಲಿನಿಂದ ದೀಪ ಉರಿಯುತ್ತಿದ್ದರೆ, ಟೆಟ್ರಾಗಳು ಪೇಲವವಾಗಿ ಮೂಲೆ ಸೇರುವುದನ್ನು ನೋಡಬಹುದು. ಅವೇ ಮೀನುಗಳು ಕಪ್ಪು ತಳದ ಮೇಲೆ ನೆಮ್ಮದಿಯಾಗಿ ಮಧ್ಯಕ್ಕೆ ಬರುತ್ತವೆ.

ಆದರೆ ‘ಕಪ್ಪು ಮರಳು’ ಎಂಬ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಅಗ್ನಿಶಿಲೆಯಿಂದ ಬಂದ ನೈಸರ್ಗಿಕ ಕಪ್ಪು ಮರಳು ಒಳ್ಳೆಯದು, ಆದರೆ ಅದರಲ್ಲಿ ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್ ಕಣಗಳು ಇರಬಹುದು. ಫಿಲ್ಟರ್ ಮೋಟಾರಿನ ಚಕ್ರ ತಿರುಗುವುದೇ ಅಯಸ್ಕಾಂತದಿಂದ. ಈ ಕಣಗಳು ಅಲ್ಲಿಗೆ ಹೋಗಿ ಅಂಟಿ ಅದನ್ನು ತೇಯುತ್ತವೆ. ಕೊಳ್ಳುವ ಮುನ್ನ ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಒಣ ಮರಳಿನ ಮೇಲೆ ಆಡಿಸಿ ನೋಡಿ. ಎರಡನೆಯದು ಬಣ್ಣದ ಲೇಪ ಕೊಟ್ಟ ಬೆಣಚು ಮರಳು. ಲೇಪ ಗುಣಮಟ್ಟದ್ದಾಗಿದ್ದರೆ ವರ್ಷಗಟ್ಟಲೆ ಬಾಳುತ್ತದೆ, ಇಲ್ಲವಾದರೆ ಸಿಪ್ಪೆಯೆದ್ದು ನೀರಿನಲ್ಲಿ ತೇಲುತ್ತದೆ. ಒಂದು ಹಿಡಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಬಲವಾಗಿ ಹಿಸುಕಿದರೆ ಬಣ್ಣ ಬಿಡುತ್ತದೆಯೋ ಇಲ್ಲವೋ ತಿಳಿಯುತ್ತದೆ. ಗುಲಾಬಿ, ನೀಲಿ ಮರಳಿಗೂ ಇದೇ ಪರೀಕ್ಷೆ. ಮೂರನೆಯದು ಕಲ್ಲಿದ್ದಲಿನ ಕಿಟ್ಟದಿಂದ ಮಾಡಿದ, ಲೋಹವನ್ನು ಉಜ್ಜಿ ಸ್ವಚ್ಛಗೊಳಿಸಲು ಬಳಸುವ ಮರಳು. ಅಗ್ಗ, ಅಚ್ಚ ಕಪ್ಪು, ನೋಡಲು ಬಲು ಚೆಂದ. ಗಿಡಗಳಷ್ಟೇ ಇರುವ ತೊಟ್ಟಿಯಲ್ಲಿ ಇದನ್ನು ಬಳಸುವವರಿದ್ದಾರೆ. ಆದರೆ ಅದರ ಅಂಚುಗಳು ಉಜ್ಜುವ ಕೆಲಸಕ್ಕೆಂದೇ ಚೂಪಾಗಿರುವಂಥವು. ತಳದ ಮೀನಿರುವ ತೊಟ್ಟಿಗೆ ನಾನು ಹಾಕುವುದಿಲ್ಲ. ನಾಲ್ಕನೆಯದು ಅಕ್ವೇರಿಯಂಗೆಂದೇ ದುಂಡಗೆ ತಯಾರಿಸಿದ ಕಪ್ಪು ಮರಳು; ಬೆಲೆ ಹೆಚ್ಚು, ತೊಂದರೆ ಕಡಿಮೆ.

ಬಿಳಿ ಮತ್ತು ಕಪ್ಪು ಎರಡಕ್ಕೂ ಒಂದು ಸಂಗತಿ ಸಮಾನ: ಎರಡರ ಮೇಲೂ ಮೀನಿನ ಹಿಕ್ಕೆ ಎದ್ದು ಕಾಣುತ್ತದೆ. ಕಂದು ಮರಳು ಅದನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ. ಬಣ್ಣದ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲದಿದ್ದರೆ ಕಂದು ಬಣ್ಣವನ್ನೇ ಆರಿಸಿ, ವರ್ಷ ಕಳೆದರೂ ಬೇಸರ ತರಿಸುವುದಿಲ್ಲ.

ಅರಗೊನೈಟ್ ಮತ್ತು ಹವಳದ ಮರಳು

ಇಲ್ಲಿಯವರೆಗಿನ ಆಯ್ಕೆಗಳು ನೀರನ್ನು ಬದಲಿಸದ ಮರಳುಗಳು. ಇವು ಬದಲಿಸುವಂಥವು. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕುಲ. ನೀರು ಆಮ್ಲದ ಕಡೆಗೆ ಹೋದಂತೆಲ್ಲ ನಿಧಾನವಾಗಿ ಕರಗಿ ಪಿಎಚ್ ಮತ್ತು ಗಡಸುತನವನ್ನು ಮೇಲಕ್ಕೆ ತರುತ್ತವೆ. ಸಮುದ್ರದ ಅಕ್ವೇರಿಯಂಗೆ ಇವೇ ಸರಿಯಾದ ತಳ. ಸಿಹಿನೀರಿನಲ್ಲಿ ಆಫ್ರಿಕಾದ ಮಲಾವಿ, ತಾಂಗನಿಕಾ ಸರೋವರಗಳ ಸಿಕ್ಲಿಡ್‌ಗಳಿಗೆ ಇವು ಒಗ್ಗುತ್ತವೆ. ಮಲಾವಿಯ ನೀರಿನ ಪಿಎಚ್ 8ರ ಆಸುಪಾಸು, ತಾಂಗನಿಕಾದ್ದು 9ರ ಹತ್ತಿರ. ಗಪ್ಪಿ, ಮೊಲ್ಲಿ, ಪ್ಲಾಟಿಗಳೂ ಗಡಸು ನೀರನ್ನು ಮೆಚ್ಚುತ್ತವೆ. ಅದೇ ಮರಳನ್ನು ಕಾರ್ಡಿನಲ್ ಟೆಟ್ರಾ ಅಥವಾ ಡಿಸ್ಕಸ್ ಇರುವ ತೊಟ್ಟಿಗೆ ಹಾಕಿದರೆ, ಮೆದು ನೀರಿಗಾಗಿ ನೀವು ಪಡುವ ಪಾಡೆಲ್ಲ ವ್ಯರ್ಥವಾಗುತ್ತದೆ. ನೀವು ಎಷ್ಟು ಸಲ ನೀರು ಬದಲಿಸಿದರೂ ತಳ ಮತ್ತೆ ಅದನ್ನು ಗಡಸಾಗಿಸುತ್ತಿರುತ್ತದೆ.

ನಿಮ್ಮಲ್ಲಿರುವ ಮರಳಿನಲ್ಲಿ ಸುಣ್ಣ ಇದೆಯೇ ಎಂದು ತಿಳಿಯಲು ಒಣ ಮರಳಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ಕಿವಿ ಹತ್ತಿರ ತನ್ನಿ. ಸುಣ್ಣವಿದ್ದರೆ ಸಣ್ಣಗೆ ಚುರುಗುಟ್ಟುವ ಸದ್ದು ಕೇಳುತ್ತದೆ, ಗುಳ್ಳೆ ಏಳುತ್ತದೆ. ವಿನೆಗರ್ ದುರ್ಬಲ ಆಮ್ಲವಾದ್ದರಿಂದ ಸ್ವಲ್ಪವೇ ಸುಣ್ಣವಿದ್ದರೆ ಸದ್ದು ಕೇಳದಿರಬಹುದು. ಖಚಿತವಾಗಬೇಕಾದರೆ ಎರಡು ಡಬ್ಬಿಗಳಲ್ಲಿ ಒಂದೇ ನೀರು ತುಂಬಿ, ಒಂದಕ್ಕೆ ಮಾತ್ರ ಮರಳು ಹಾಕಿ, ವಾರದ ನಂತರ ಎರಡರ ಪಿಎಚ್ ಮತ್ತು ಗಡಸುತನವನ್ನು ಅಳೆಯಿರಿ. ಎರಡರ ನಡುವೆ ವ್ಯತ್ಯಾಸ ಕಂಡರೆ ಅದು ಮರಳಿನದೇ ಕೆಲಸ.

ಗಿಡಗಳ ತೊಟ್ಟಿ: ಮರಳೋ ಆಕ್ವಾ ಸಾಯಿಲೋ

ಮರಳಿನಲ್ಲಿ ಗಿಡ ಬೆಳೆಯುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. ಮರಳು ಗಿಡಕ್ಕೆ ಹಿಡಿಯಲು ನೆಲೆ ಕೊಡುತ್ತದೆ, ಊಟ ಕೊಡುವುದಿಲ್ಲ ಎಂಬುದು ನಿಜ. ಅನುಬಿಯಸ್, ಜಾವಾ ಫರ್ನ್‌ಗಳಂತಹ ಗಿಡಗಳನ್ನು ಕಲ್ಲು ಅಥವಾ ಮರದ ತುಂಡಿಗೆ ಕಟ್ಟುತ್ತೇವೆ. ಅವುಗಳ ಗೆಡ್ಡೆಯಂಥ ಕಾಂಡವನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ. ಹಾಗಾಗಿ ಅವುಗಳ ಮಟ್ಟಿಗೆ ತಳ ಯಾವುದಾದರೂ ಒಂದೇ. ವಾಲಿಸ್ನೇರಿಯಾ ಬರಿಯ ಮರಳಿನಲ್ಲೂ ಓಡಾಡಿ ಹಬ್ಬುತ್ತದೆ. ಬೇರಿನಿಂದಲೇ ಹೆಚ್ಚು ಉಣ್ಣುವ ಅಮೆಜಾನ್ ಸ್ವೋರ್ಡ್, ಕ್ರಿಪ್ಟೊಕೊರಿನ್‌ಗಳಿಗೆ ಎರಡು ಮೂರು ತಿಂಗಳಿಗೊಮ್ಮೆ ಬೇರಿನ ಬಳಿ ಗೊಬ್ಬರದ ಗುಳಿಗೆ ಊರಿದರೆ ಸಾಕು, ಅವೂ ನೆಮ್ಮದಿಯಾಗಿರುತ್ತವೆ.

ನೆಲಕ್ಕೆ ಹಾಸಿದಂತೆ ಹರಡುವ ಸಣ್ಣ ಗಿಡಗಳು, ಕೆಂಪೆಲೆಯ ಗಿಡಗಳು, ಕಾರ್ಬನ್ ಡೈಆಕ್ಸೈಡ್ ಕೊಟ್ಟು ಬೆಳೆಸುವ ತೋಟ ಇವು ನಿಮ್ಮ ಕನಸಾಗಿದ್ದರೆ ಆಕ್ವಾ ಸಾಯಿಲ್ ಮುಂದಿದೆ. ಸುಟ್ಟ ಮಣ್ಣಿನ ಸಣ್ಣ ಗುಳಿಗೆಗಳು ಇವು. ಪೋಷಕಾಂಶವನ್ನು ಹಿಡಿದಿಟ್ಟು ಬೇರಿಗೆ ಕೊಡುತ್ತವೆ, ನೀರನ್ನು ಮೆದುವಾಗಿಸಿ ಪಿಎಚ್ ಇಳಿಸುತ್ತವೆ. ಮೆದು ನೀರಿನ ಕ್ಯಾರಿಡಿನಾ ಸೀಗಡಿ ಸಾಕುವವರು ಇದನ್ನೇ ನೆಚ್ಚಿಕೊಳ್ಳುವುದು ಈ ಗುಣಕ್ಕಾಗಿ. ಆದರೆ ಪೋಷಕಾಂಶ ತುಂಬಿದ ಗುಳಿಗೆಗಳು ಮೊದಲ ಕೆಲವು ವಾರ ಅಮೋನಿಯಾ ಬಿಡುತ್ತವೆ. ಆ ಸಮಯದಲ್ಲಿ ಮೀನು ಬಿಡುವುದೆಂದರೆ ವಿಷದಲ್ಲಿ ಬಿಟ್ಟಂತೆ. ಎರಡು ಮೂರು ವರ್ಷಗಳಲ್ಲಿ ಅದರ ಶಕ್ತಿ ಕುಂದುತ್ತದೆ. ಗುಳಿಗೆ ಮೆತ್ತಗಿರುವುದರಿಂದ ಅಗೆಯುವ ಮೀನುಗಳ ಬಾಯಲ್ಲಿ ಪುಡಿಯಾಗಿ ಕೆಸರಾಗುತ್ತದೆ. ಬೆಣಚು ಮರಳು ಮಾತ್ರ ತೊಟ್ಟಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಎರಡನ್ನೂ ಬಯಸುವವರು ಹಿಂಬದಿಯಲ್ಲಿ ಗಿಡಗಳಿಗೆ ಆಕ್ವಾ ಸಾಯಿಲ್, ಮುಂಬದಿಯಲ್ಲಿ ಮೀನಿಗೆ ಮರಳು ಹಾಸಿ, ನಡುವೆ ಕಲ್ಲುಗಳ ಸಾಲಿನಿಂದ ತಡೆ ಕಟ್ಟಬಹುದು. ತಡೆ ಬಿಗಿಯಾಗಿರಲಿ. ಎರಡು ಗಾತ್ರದ ಕಣಗಳು ಬೆರೆತರೆ ಸಣ್ಣದು ಸಂದಿಯಲ್ಲಿ ಇಳಿದು ಕೆಳಗೆ ಸೇರುತ್ತದೆ, ದಪ್ಪದ್ದು ಮೇಲೆ ಉಳಿಯುತ್ತದೆ. ಕಲ್ಲಿನ ಮೇಲೆ ಮರಳು ಸುರಿದು ಅಂದಗಾಣಿಸಲು ಹೊರಟವರಿಗೆ ಕೆಲವು ತಿಂಗಳಲ್ಲಿ ಬರೀ ಕಲ್ಲೇ ಕಾಣುವುದು ಇದಕ್ಕೇ.

ಯಾವ ಮೀನಿಗೆ ಯಾವುದು

ಕೊರಿಡೊರಸ್, ಕೂಲಿ ಲೋಚ್, ಮಣ್ಣು ಉಣ್ಣುವ ಜಿಯೊಫೇಗಸ್ ಸಿಕ್ಲಿಡ್ ಇವುಗಳಿಗೆ ದುಂಡು ಕಣದ ಬೆಣಚು ಮರಳು ಬಿಟ್ಟು ಬೇರೆ ಮಾತೇ ಇಲ್ಲ. ಕೂಲಿ ಲೋಚ್ ಹೆದರಿದಾಗ ಹಾವಿನ ಮರಿಯಂತೆ ಮರಳೊಳಗೆ ನುಸುಳಿ ಕಣ್ಣಷ್ಟೇ ಹೊರಗಿಟ್ಟು ಕೂರುತ್ತದೆ. ಕಲ್ಲು ಹಾಸಿದ ತೊಟ್ಟಿಯಲ್ಲಿ ಅದಕ್ಕೆ ಅಡಗಲು ಜಾಗವೇ ಇರುವುದಿಲ್ಲ. ತಾಂಗನಿಕಾದ ಚಿಪ್ಪುವಾಸಿ ಸಿಕ್ಲಿಡ್‌ಗಳು ಮರಳನ್ನು ಬಾಯಿಯಿಂದ ಅಗೆದು ಖಾಲಿ ಶಂಖದ ಸುತ್ತ ಗುಂಡಿ ತೋಡಿ ಮನೆ ಮಾಡಿಕೊಳ್ಳುತ್ತವೆ. ಅವಕ್ಕೆ ಐದು ಸೆಂಟಿಮೀಟರ್ ಆಳ ಬೇಕು. ಗೋಲ್ಡ್‌ಫಿಶ್ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ, ಬಟಾಣಿ ಗಾತ್ರದ ಕಲ್ಲು ಅದರ ಗಂಟಲಿನಲ್ಲಿ ಸಿಕ್ಕಿಕೊಳ್ಳುವುದುಂಟು. ಹಾಗಾಗಿ ಅದಕ್ಕೂ ಮರಳೇ ಸುರಕ್ಷಿತ. ನೀರಿನ ಮಧ್ಯದಲ್ಲಿ, ಮೇಲ್ಭಾಗದಲ್ಲಿ ಓಡಾಡುವ ಗಪ್ಪಿ, ಡ್ಯಾನಿಯೊ, ಬೆಟ್ಟಾಗಳಿಗೆ ತಳ ಯಾವುದಾದರೂ ನಡೆದೀತು. ಮರಿ ಬೆಳೆಸುವ ಅಥವಾ ರೋಗಿ ಮೀನಿಗೆ ಔಷಧ ಕೊಡುವ ತೊಟ್ಟಿಯ ತಳವನ್ನು ಬರಿದಾಗಿಯೇ ಬಿಡಿ. ಒರೆಸಿ ತೆಗೆಯಲು ಸುಲಭ.

ಹಳೆಯ ಮಾದರಿಯ, ತಳದಡಿ ಕೂರಿಸುವ ಫಿಲ್ಟರ್ ನಿಮ್ಮಲ್ಲಿದ್ದರೆ ಮರಳಿನ ಆಸೆ ಬಿಡಬೇಕು. ಅದರ ತೂತುಗಳಲ್ಲಿ ಮರಳು ಇಳಿದು ಕಟ್ಟಿಕೊಳ್ಳುತ್ತದೆ.

ಎಷ್ಟು ಆಳ, ಎಷ್ಟು ಚೀಲ

ಗಿಡವಿಲ್ಲದ ತೊಟ್ಟಿಗೆ ಮೂರು ಸೆಂಟಿಮೀಟರ್, ಗಿಡಗಳಿದ್ದರೆ ಐದರಿಂದ ಆರು. ಇದಕ್ಕಿಂತ ಆಳದ ಸಣ್ಣ ಮರಳಿನಲ್ಲಿ ಆಮ್ಲಜನಕ ಇಳಿಯುವುದಿಲ್ಲ. ಅಂಥ ಕಡೆ ಬದುಕುವ ಬ್ಯಾಕ್ಟೀರಿಯಾಗಳು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಉಂಟುಮಾಡುತ್ತವೆ. ಗಾಜಿನ ಬದಿಯಿಂದ ನೋಡಿದರೆ ಮರಳಿನಲ್ಲಿ ಕರಿ ಕಲೆ ಕಾಣುತ್ತದೆ. ಒಂದೆರಡು ಕಲೆ ಕಂಡ ಮಾತ್ರಕ್ಕೆ ಗಾಬರಿ ಬೇಡ. ಸ್ವಲ್ಪ ಸ್ವಲ್ಪವಾಗಿ ಹೊರಬರುವ ಅನಿಲ ಆಮ್ಲಜನಕ ತುಂಬಿದ ನೀರಿನಲ್ಲಿ ಬೇಗ ನಿರಪಾಯವಾಗುತ್ತದೆ. ಅಪಾಯ ಇರುವುದು ವರ್ಷಗಟ್ಟಲೆ ಮುಟ್ಟದ ಆಳವಾದ ತಳವನ್ನು ಮೀನುಗಳು ಒಳಗಿರುವಾಗಲೇ ಒಮ್ಮೆಲೇ ಕೆದಕುವುದರಲ್ಲಿ. ವಾರಕ್ಕೊಮ್ಮೆ ಒಂದು ತೆಳು ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿದರೆ ಸಾಕು. ಮಲೇಷಿಯನ್ ಟ್ರಂಪೆಟ್ ಬಸವನಹುಳುಗಳು ಹಗಲೆಲ್ಲ ಮರಳೊಳಗೆ ಉಳುತ್ತಾ ಇದೇ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುತ್ತವೆ. ನಿಮ್ಮ ಆಹಾರ ಹಾಕುವ ಕೈ ಧಾರಾಳವಾದರೆ ಮಾತ್ರ ಅವು ಲೆಕ್ಕ ಮೀರಿ ಬೆಳೆಯುತ್ತವೆ.

ಸಮುದ್ರದ ತೊಟ್ಟಿಗಳಲ್ಲಿ ಬೇಕೆಂದೇ ಹತ್ತು ಸೆಂಟಿಮೀಟರ್‌ಗಿಂತ ಆಳ ಮರಳು ಹಾಸಿ, ಆಮ್ಲಜನಕವಿಲ್ಲದ ಪದರದ ಬ್ಯಾಕ್ಟೀರಿಯಾಗಳಿಂದ, ಮೀನಿನ ತ್ಯಾಜ್ಯದಿಂದ ನೀರಿನಲ್ಲಿ ಕೂಡುವ ನೈಟ್ರೇಟನ್ನು ಕಳೆಯುವ ಪದ್ಧತಿಯಿದೆ. ಸಿಹಿನೀರಿನ ಹೊಸಬರು ಅದನ್ನು ಅನುಸರಿಸುವ ಅಗತ್ಯವಿಲ್ಲ.

ಎಷ್ಟು ಕಿಲೋ ಬೇಕೆಂಬ ಲೆಕ್ಕ ಸುಲಭ. ತೊಟ್ಟಿಯ ಉದ್ದ, ಅಗಲ, ಮರಳಿನ ಆಳ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಒಂದು ಲೀಟರ್ ಒಣ ಮರಳು ಸುಮಾರು 1.6 ಕಿಲೋ ತೂಗುತ್ತದೆ. 60 ಸೆಂಟಿಮೀಟರ್ ಉದ್ದ, 30 ಅಗಲದ ತೊಟ್ಟಿಗೆ 4 ಸೆಂಟಿಮೀಟರ್ ಹಾಸಲು 7.2 ಲೀಟರ್, ಅಂದರೆ ಹನ್ನೊಂದೂವರೆ ಕಿಲೋ. ತೊಳೆಯುವಾಗ ಹೋಗುವುದನ್ನು ಸೇರಿಸಿ ಹದಿಮೂರು ಕಿಲೋ ತನ್ನಿ. ಸ್ಟ್ಯಾಂಡಿನ ಶಕ್ತಿ ಲೆಕ್ಕ ಹಾಕುವಾಗ ನೀರಿನ ತೂಕದ ಜೊತೆ ಇದನ್ನೂ ಸೇರಿಸಬೇಕು.

ತೊಳೆಯುವುದು, ಹಾಸುವುದು

ಚೀಲವನ್ನು ಒಣಗಿರುವಾಗ ಸುರಿಯಬೇಡಿ. ಸಿಲಿಕಾದ ಸಣ್ಣ ಧೂಳು ಶ್ವಾಸಕೋಶಕ್ಕೆ ಹಾನಿಕರ. ಚೀಲದ ಬಾಯಿ ತೆರೆದು ಮೊದಲು ನೀರು ಚಿಮುಕಿಸಿ, ಒದ್ದೆಯಾದ ಮೇಲೆ ತೆಗೆಯಿರಿ. ಬಕೆಟ್ಟಿನಲ್ಲಿ ಕಾಲುಭಾಗ ಮಾತ್ರ ತುಂಬಿ. ಪೈಪನ್ನು ಮರಳಿನ ತಳದವರೆಗೆ ಇಳಿಸಿ ನೀರು ಬಿಟ್ಟು, ಇನ್ನೊಂದು ಕೈಯನ್ನು ಮೊಣಕೈವರೆಗೆ ಹಾಕಿ ಬುಡದಿಂದ ಮೇಲಕ್ಕೆ ತಿರುವಿ. ನೀರು ಅಂಚಿನಿಂದ ಉಕ್ಕಿ ಹರಿಯಲಿ. ಧೂಳು ಅದರ ಜೊತೆ ಹೋಗುತ್ತದೆ, ಮರಳು ಉಳಿಯುತ್ತದೆ. ಮುಗಿಯಿತೆಂದು ಹೇಗೆ ತಿಳಿಯುವುದು? ತಿರುವುದನ್ನು ನಿಲ್ಲಿಸಿ ಹತ್ತು ಎಣಿಸಿ. ನೀರಿನೊಳಗಿನ ನಿಮ್ಮ ಬೆರಳ ಉಗುರುಗಳು ಸ್ಪಷ್ಟವಾಗಿ ಕಂಡರೆ ಆಯಿತು. ಸೋಪು ಒಂದು ಹನಿಯೂ ಬೇಡ, ಹಿಂದೆ ಸೋಪು ಕಂಡಿದ್ದ ಬಕೆಟ್ಟೂ ಬೇಡ.

ದೊಡ್ಡ ಬಂಡೆಗಳಿದ್ದರೆ ಅವನ್ನು ಮೊದಲು ತೊಟ್ಟಿಯ ತಳದಲ್ಲಿ ಕೂರಿಸಿ, ಆಮೇಲೆ ಸುತ್ತ ಮರಳು ಹಾಸಿ. ಮರಳಿನ ಮೇಲೆ ಇಟ್ಟ ಬಂಡೆಯ ಬುಡವನ್ನು ಸಿಕ್ಲಿಡ್‌ಗಳು ಒಂದೇ ರಾತ್ರಿಯಲ್ಲಿ ಅಗೆದು ಉರುಳಿಸಬಲ್ಲವು, ಬಂಡೆ ಬಿದ್ದರೆ ಮೀನೂ ಹೋದೀತು, ಗಾಜೂ ಹೋದೀತು. ಮರಳು ಹಾಸಿದ ಮೇಲೆ ಒಂದು ತಟ್ಟೆ ಇಟ್ಟು ನೀರನ್ನು ಅದರ ಮೇಲೆ ನಿಧಾನವಾಗಿ ಬಿಡಿ. ಎಷ್ಟೇ ತೊಳೆದರೂ ಮೊದಲ ದಿನ ನೀರು ಮಸುಕಾಗಿರುತ್ತದೆ. ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ. ಕದಡು ಇಳಿಯುವವರೆಗೆ ಫಿಲ್ಟರ್ ಓಡಿಸಬೇಡಿ, ಓಡಿಸುವಾಗ ಅದರ ಬಾಯಿ ಮರಳಿನಿಂದ ಒಂದು ಗೇಣು ಮೇಲಿರಲಿ, ಬಾಯಿಗೆ ಸ್ಪಂಜು ಹಾಕಿದ್ದರೆ ಇನ್ನೂ ಒಳ್ಳೆಯದು. ವಾರದ ಶುಚಿಗೆ ಸೈಫನ್ ಪೈಪನ್ನು ಕಲ್ಲಿನಲ್ಲಿ ಊರುವಂತೆ ಊರದೆ ಒಂದು ಬೆರಳು ಮೇಲೆ ಹಿಡಿದು ಸುಳಿಸುಳಿಯಾಗಿ ಆಡಿಸಿ. ಹಿಕ್ಕೆ ಹಗುರ, ಎದ್ದು ಪೈಪಿಗೆ ಬರುತ್ತದೆ. ಮರಳು ಅಲ್ಲೇ ಕುಳಿತಿರುತ್ತದೆ.

ಈಗಾಗಲೇ ಮೀನಿರುವ ತೊಟ್ಟಿಯಲ್ಲಿ ಕಲ್ಲು ತೆಗೆದು ಮರಳು ಹಾಕುವವರು ಮಾತ್ರ ಆತುರಪಡಬಾರದು. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ಕಳೆಯುವ ಬ್ಯಾಕ್ಟೀರಿಯಾ ತಳದ ಕಲ್ಲಿನ ಮೇಲೂ ಮನೆ ಮಾಡಿಕೊಂಡಿರುತ್ತದೆ. ನಾನು ಕೊರಿಡೊರಸ್ ತೊಟ್ಟಿಯನ್ನು ಬದಲಿಸಿದ್ದು ಮೂರು ವಾರಗಳಲ್ಲಿ: ಮೀನುಗಳನ್ನು ಪ್ರತಿ ಸಲವೂ ಬೇರೆ ಡಬ್ಬಿಗೆ ಎತ್ತಿ, ಪ್ರತಿ ವಾರ ಮೂರನೇ ಒಂದು ಭಾಗ ಕಲ್ಲು ತೆಗೆದು, ಆ ಜಾಗಕ್ಕೆ ತೊಳೆದ ಮರಳನ್ನು ಉದ್ದ ಕೊಳವೆಯೊಂದರ ಮೂಲಕ ತಳಕ್ಕೇ ಇಳಿಸಿ. ಆ ಮೂರು ವಾರ ಫಿಲ್ಟರ್ ಸ್ಪಂಜನ್ನು ಮುಟ್ಟಲಿಲ್ಲ, ಆಹಾರವನ್ನು ಅರ್ಧಕ್ಕೆ ಇಳಿಸಿದೆ, ಎರಡು ದಿನಕ್ಕೊಮ್ಮೆ ಅಮೋನಿಯಾ ಅಳೆದೆ. ಮೊದಲ ವಾರದ ಕೊನೆಗೆ ತೊಟ್ಟಿಯ ಎಡಮೂಲೆಯಲ್ಲಷ್ಟೇ ಮರಳಿತ್ತು. ಆರೂ ಮೀನುಗಳು ಆ ಮೂಲೆ ಬಿಟ್ಟು ಕದಲಲಿಲ್ಲ.